ದೊಡ್ಡ ವಸ್ತಾದ ಯಾರು

ಆಟ ನನಗೆ ಗೊತ್ತಿಲ್ಲ, ಜಗಳ ಗೊತ್ತು. ನಾನೀಗ ಗೋಕಾಕದಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಗ, ಮೊಮ್ಮಗಳು ಇಬ್ಬರೂ ನಡುವೆ ಮೊಬೈಲ್ ಇಟ್ಟುಕೊಂಡು ಬಾಸ್ಕೆಟ್‌ಬಾಲ್ ನೋಡುತ್ತಾರೆ. ಎಲ್ಲೋ ದೂರದ ದೇಶದವರು, ಪಗಾರಕ್ಕೆ ಆಡುವವರು. ಅವರ ಆಟ ಮುಗಿದ ಮೇಲೆ ಇವರದು ಶುರುವಾಗುತ್ತದೆ. ಇಲ್ಲಿಯವರೆಗೆ ಹುಟ್ಟಿದ ಕೋಚ್‌ಗಳಲ್ಲೆಲ್ಲ ದೊಡ್ಡವನು ಯಾರು ಎಂದು. ಎಲ್ಲರಿಗಿಂತ ಹೆಚ್ಚು ಕಪ್ ಗೆಲ್ಲಿಸಿದವನೇ ದೊಡ್ಡವನು ಎನ್ನುತ್ತಾನೆ ಮೊಮ್ಮಗ. ಮೊಮ್ಮಗಳು ಸಾಲೆಯ ತಂಡದಲ್ಲಿ ಆಡುವವಳು, ಬಿಡುವುದಿಲ್ಲ.

"ಅಂಥಾ ಆಟಗಾರರನ್ನ ಕೊಟ್ರ ನಮ್ಮ ಅಜ್ಜಿನೂ ಕಪ್ ತಂದಾಳು. ಕೈಲಾಗದವರನ್ನ ಕಟಗೊಂಡು ಗೆದ್ದು ತೋರಸ್ಲಿ, ಆವಾಗ ಅಂತೇನಿ ಕೋಚ್ ಅಂತ."

ಇವೇ ಎರಡು ಮಾತನ್ನು ನಾನು ಚಿಕ್ಕವಳಿದ್ದಾಗ ಕೊಣ್ಣೂರಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಕೇಳಿದ್ದೇನೆ. ಚೆಂಡಿನ ಬದಲು ಕುಸ್ತಿ, ಕೋಚ್ ಬದಲು ವಸ್ತಾದ, ಅಷ್ಟೇ ಫರಕು. ಈ ಮಕ್ಕಳು ಜಗಳ ಮುಗಿಸಿ ಮಲಗುತ್ತಾರೆ, ಬೆಳಗಾದರೆ ಏನೂ ಇಲ್ಲ. ನಮ್ಮ ಮನೆಯ ಜಗಳದ ಒಳಗೆ ನನ್ನ ಸಾಲೆ ಸಿಕ್ಕಿಹಾಕಿಕೊಂಡಿತ್ತು. ಅದನ್ನು ಬರೆಯುತ್ತೇನೆ. ನನಗೆ ಅಕ್ಷರ ಬರುವುದು ಕಡಿಮೆ. ತಪ್ಪಿದ ಅಕ್ಷರ ಮೊಮ್ಮಗಳು ತಿದ್ದಿದ್ದಾಳೆ, ಮಾತು ತಿದ್ದಲು ಬಿಟ್ಟಿಲ್ಲ.

ನಮ್ಮ ಮನೆಯ ಬಾಗಿಲು ದಾಟಿದರೆ ಮೊದಲು ಎಮ್ಮೆ, ಆಮೇಲೆ ಮನುಷ್ಯರು. ತಗ್ಗಿನಲ್ಲಿ ಎರಡು ಎಮ್ಮೆ ಕಟ್ಟಿರುತ್ತಿದ್ದವು. ಅಲ್ಲಿಂದ ಸೊಂಟದೆತ್ತರ ಮೇಲೆ ಪಡಸಾಲೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ. ಪಡಸಾಲೆಯ ಗೋಡೆಗೆ ಅಪ್ಪ ಪೈಲ್ವಾನನಾಗಿದ್ದಾಗ ತಿರುಗಿಸುತ್ತಿದ್ದ ಕಟ್ಟಿಗೆಯ ಮುದ್ಗರಗಳನ್ನು ಆನಿಸಿ ಇಟ್ಟಿದ್ದರು. ಅವನ್ನು ಯಾರೂ ಎತ್ತುತ್ತಿರಲಿಲ್ಲ, ಆದರೆ ದಿನಾ ಒರೆಸಬೇಕಿತ್ತು, ಒರೆಸುವವಳು ನಾನು. ಎರಡೂ ಎಮ್ಮೆಯ ಹಾಲು ನನ್ನ ಅಣ್ಣ ಭೀಮಶಿಯ ಹೊಟ್ಟೆಗೆ ಹೋಗುತ್ತಿತ್ತು. ಅವನು ಪೈಲ್ವಾನನಾಗಬೇಕು ಎಂದು ಅವನು ಹುಟ್ಟಿದ ದಿನವೇ ಅಪ್ಪ ಹೇಳಿದ್ದನಂತೆ. ಅವ್ವ ಬದಾಮಿ ನೆನೆಹಾಕಿ, ಸಿಪ್ಪೆ ಸುಲಿದು, ಕಲ್ಲಿನ ಮೇಲೆ ಅರೆದು ಹಾಲಿಗೆ ಕಲಸುವಳು. ನಮಗೆಲ್ಲ ರೊಟ್ಟಿ, ಪುಂಡಿಪಲ್ಯ, ನೀರು ಮಜ್ಜಿಗೆ. ಹಾಲಿನ ಕೆನೆ ಹೇಗಿರುತ್ತದೆ ಎಂದು ನನಗೆ ತಿಳಿದದ್ದು ಮದುವೆಯಾದ ಮೇಲೆ. ಇದನ್ನು ಅಳುತ್ತ ಬರೆಯುತ್ತಿಲ್ಲ. ಹಾಲು ಇದ್ದದ್ದು ಅಷ್ಟು, ಕುಡಿಯುವವನು ಅವನಿದ್ದ. ಅಣ್ಣ ಕೆಟ್ಟವನೂ ಅಲ್ಲ. ಮೈ ದೊಡ್ಡದು, ಮಾತು ಸಣ್ಣದು. ಬೆಳಿಗ್ಗೆ ಎಮ್ಮೆಗಳನ್ನು ಹೊಳೆಗೆ ಹೊಡೆದುಕೊಂಡು ಹೋಗಿ ತೊಳೆದು ತರುವುದು ಅವನ ಕೆಲಸ. ಅವುಗಳ ಜೊತೆ ಮಾತಾಡಿದಷ್ಟು ನಮ್ಮ ಜೊತೆ ಮಾತಾಡಿದವನಲ್ಲ.

ವಸ್ತಾದರು ಇಬ್ಬರು. ಒಬ್ಬರು ನಮ್ಮ ಕೊಣ್ಣೂರಿನವರೇ, ಅಪ್ಪನಿಗೆ ಕಲಿಸಿದವರು. ಇನ್ನೊಬ್ಬರು ಹುಕ್ಕೇರಿಯವರು, ಮೂಡಲಗಿಯಲ್ಲಿದ್ದ ನನ್ನ ಸೋದರಮಾವನಿಗೆ, ಅಂದರೆ ಅವ್ವನ ಅಣ್ಣನಿಗೆ, ಕಲಿಸಿದವರು. ಇಬ್ಬರ ಹೆಸರನ್ನೂ ಬರೆಯುವುದಿಲ್ಲ. ತನ್ನ ವಸ್ತಾದನ ಹೆಸರು ಹೇಳುವಾಗ ಶಿಷ್ಯನಾದವನು ಕಿವಿ ಮುಟ್ಟಿಕೊಳ್ಳಬೇಕು, ಅದು ತಾಲೀಮಿನ, ಅಂದರೆ ಗರಡಿಮನೆಯ, ಪದ್ಧತಿ. ಬರೆಯುವಾಗ ಕೈ ಖಾಲಿ ಇರುವುದಿಲ್ಲ. ಅಪ್ಪ ತನ್ನ ವಸ್ತಾದನ ಹೆಸರಿಗೆ ಕಿವಿ ಮುಟ್ಟುತ್ತಿದ್ದ, ಹುಕ್ಕೇರಿಯವರ ಹೆಸರಿಗೆ ಬೇಕೆಂದೇ ಕೈಯನ್ನು ತಟ್ಟೆಯೊಳಗೇ ಇಟ್ಟುಕೊಳ್ಳುತ್ತಿದ್ದ. ಮಾವ ಅದರ ಉಲ್ಟಾ. ಸಂತೆಗೆಂದು ಬಂದಾಗಲೆಲ್ಲ ಮಾವ ನಮ್ಮ ಮನೆಯಲ್ಲೇ ಉಳಿಯುವನು. ಇಬ್ಬರೂ ಮೈತೊಳೆದು, ಹಣೆಗೆ ವಿಭೂತಿ ಹಚ್ಚಿ, ಕಣ್ಣು ಮುಚ್ಚಿ ಲಿಂಗಪೂಜೆ ಮಾಡುವರು. ಕಣ್ಣು ತೆರೆದರೆ ಕುಸ್ತಿ.

"ಏನ್ರೀ ಮೂಡಲಗಿ ಸಾಹುಕಾರ್ರ," ಎಂದು ಅಪ್ಪ ಕೆಣಕುವನು. "ನಿಮ್ಮ ವಸ್ತಾದನ ತಾಲೀಮಿನ್ಯಾಗ ಗೆದ್ದ ತಂದ ಬೆಳ್ಳಿ ಗದಾ ಎಷ್ಟ ಅದಾವು? ನಮ್ಮಲ್ಲೆ ಇಡಾಕ ಜಾಗಾ ಇಲ್ಲ. ಮಿರಜಿಗೆ ಹೋಗು, ಕೊಲ್ಲಾಪುರಕ್ಕ ಹೋಗು, ನಮ್ಮವರ ಹೆಸರ ಹೇಳಿದ್ರ ಕುಂತಾವ್ರು ಏಳ್ತಾರ."

"ಹುಲಿಯಂಥಾ ಹುಡುಗರನ್ನ ಆರಿಸಿ ಆರಿಸಿ ತಗೋತಾರ, ಗದಾ ಬರದ ಏನಾಗತೈತಿ?" ಎನ್ನುವನು ಮಾವ. "ನಿಮ್ಮವ್ರು ಬ್ಯಾಡ ಅಂತ ಹೊರಗ ಹಾಕಿದ್ದ ಹುಡುಗರನ್ನ ನಮ್ಮವ್ರು ಒಳಗ ಕರಕೊಂಡು ಪೈಲ್ವಾನರನ್ನ ಮಾಡ್ಯಾರ. ಹಿಡಕಲ್ಲ ಕಡಿ ಮೀನಿನ ಬಲಿ ಬೀಸೂ ಹುಡುಗ ಬಂದಾಗ ಹೆಂಗಿದ್ದ, ಈಗ ಹೆಂಗದಾನ, ನೋಡಿಯಿಲ್ಲ ಸಿದ್ಲಿಂಗಪ್ಪಾ?"

"ನೋಡೇನಿ. ಬಲಿ ಚೊಲೊ ಬೀಸ್ತಾನ."

ಅಪ್ಪನ ತಾಯಿ, ನಮ್ಮ ಆಯಿ, ಕಂಬಕ್ಕೆ ಬೆನ್ನು ಹಚ್ಚಿ ಎಲೆಯಡಿಕೆ ಕುಟ್ಟುತ್ತ ಕೂತಿರುವಳು. "ಕಿವಿ ಮುಟಗೊಂಡ ಮುಟಗೊಂಡ ಹರದ ಬಿದ್ದಾವು, ಉಣ್ರೋ," ಎನ್ನುವಳು. ಅವ್ವ ರೊಟ್ಟಿ ಬಡಿಯುವಳು. ಸಿಟ್ಟು ಬಂದಾಗ ಅವ್ವ ಮಾತಾಡುತ್ತಿರಲಿಲ್ಲ, ರೊಟ್ಟಿ ಬಡಿಯುವ ಸಪ್ಪಳ ಹೆಚ್ಚಾಗುತ್ತಿತ್ತು.

ನನಗೆ ಈ ಮಾತೆಲ್ಲ ಮೊದಲು ಮಳೆಯ ಸಪ್ಪಳದಂತೆ, ಕಿವಿಗೆ ಬಿದ್ದು ಹೋಗುತ್ತಿತ್ತು. ಅಣ್ಣನ ಮೀಸೆ ಚಿಗುರಿದ ವರ್ಷ ಹಾಗಾಗಲಿಲ್ಲ. ಓಣಿಯ ಸಣ್ಣ ತಾಲೀಮು ಸಾಕು, ಇನ್ನು ದೊಡ್ಡ ವಸ್ತಾದರ ಕೈಗೆ ಒಪ್ಪಿಸಬೇಕು ಎಂದು ಮಾತು ಬಂತು. ಯಾರ ಕೈಗೆ? ಕೊಣ್ಣೂರ ವಸ್ತಾದರಲ್ಲಿ ಒಂದು ಕಟ್ಟುನಿಟ್ಟು ಇತ್ತು. ಶಿಷ್ಯನ ಖುರಾಕು, ಅಂದರೆ ಹಾಲು, ಬದಾಮಿ, ತುಪ್ಪ, ಅವನ ಸ್ವಂತ ಮನೆಯಿಂದಲೇ ಬರಬೇಕು, ಮನೆಯವರೇ ಕೈಯಾರೆ ತರಬೇಕು, ಅವನು ಕುಡಿದು ಮುಗಿಸುವ ತನಕ ಅಲ್ಲೇ ನಿಂತಿರಬೇಕು. ಕುಸ್ತಿಗೆ ಮುಂಚೆ ಎದುರಾಳಿಯ ಕಡೆಯವರು ಹಾಲಿನಲ್ಲಿ ಏನಾದರೂ ಕಲಸಿಬಿಡುತ್ತಾರೆ ಎಂಬ ಅಂಜಿಕೆ ಆಗಿನ ಪೈಲ್ವಾನರಿಗೆಲ್ಲ ಇತ್ತು. ತಾಲೀಮು ಊರ ಆ ತುದಿ, ನಮ್ಮ ಮನೆ ಈ ತುದಿ. ಅವರ ಕಸರತ್ತು ಮುಗಿಯುವುದಕ್ಕೂ ಸಾಲೆಯ ಗಂಟೆ ಬಾರಿಸುವುದಕ್ಕೂ ಸರಿ ಹೋಗುತ್ತಿತ್ತು. ಅಪ್ಪ ಹೊಲದಲ್ಲಿ, ಅವ್ವ ಒಲೆಯ ಮುಂದೆ, ಆಯಿಗೆ ಮೊಣಕಾಲು. ಇನ್ನು ಉಳಿದವಳು ಯಾರು ಎಂದು ಕೇಳಬೇಕಾಗಿರಲಿಲ್ಲ. ಹುಕ್ಕೇರಿಯಲ್ಲಿ ಹಾಗಲ್ಲ, ಹುಡುಗರು ತಾಲೀಮಿನಲ್ಲೇ ಇದ್ದು ತಾವೇ ಬೇಯಿಸಿ ಉಣ್ಣುವರು.

ಇದನ್ನು ನಾನೇ ಲೆಕ್ಕ ಹಾಕಿಕೊಂಡೆ, ಯಾರೂ ಹೇಳಲಿಲ್ಲ. ಅಣ್ಣ ಕೊಣ್ಣೂರಿನವರ ಕಡೆ ಹೋದರೆ ನನ್ನ ಸಾಲೆ ಬಂದ್. ಹುಕ್ಕೇರಿಗೆ ಹೋದರೆ ಉಳಿಯಿತು. ಓದು ಎಂದರೆ ನನಗೆ ಜೀವ ಎಂದೇನೂ ಅಲ್ಲ. ಸಾಲೆಯಲ್ಲಿ ಕೂತರೆ ಯಾರೂ ಏಳು ಎನ್ನುತ್ತಿರಲಿಲ್ಲ. ಮನೆಯಲ್ಲಿ ನಾನು ಕೂತ ನೆನಪೇ ಇಲ್ಲ. ಕೂತು, ಒಂದು ಅಕ್ಷರವನ್ನು ಬರೆದು, ಸರಿಯಾಗಿದೆಯೇ ಎಂದು ನೋಡಿ, ಅಳಿಸಿ, ಮತ್ತೆ ಬರೆಯುವುದು. ಆ ಕೆಲಸ ನನಗೆ ಹಿಡಿಸಿತ್ತು. ಅಂದಿನಿಂದ ಅಪ್ಪ, ಮಾವ ಜಗಳಕ್ಕೆ ಕೂತರೆ ನಾನು ಕಸಬರಿಗೆ ಹಿಡಿದು ಅಲ್ಲೇ ಸುಳಿದಾಡುವೆ. ಗುಡಿಸಿದ್ದನ್ನೇ ಗುಡಿಸುವೆ. ಮಾವ ಒಂದು ಒಳ್ಳೆ ಮಾತು ಹೇಳಿದರೆ ನನ್ನ ಎದೆ ಹಗುರ, ಅಪ್ಪ ತಿರುಗಿ ಹೇಳಿದರೆ ಭಾರ.

ಒಂದು ಸಲ ಜಗಳದ ಕಾವು ಏರಿ ಅಪ್ಪ ಅಣ್ಣನ ಕಡೆ ತಿರುಗಿದ. ಅಲ್ಲಿಯವರೆಗೆ ಅವನನ್ನು ಯಾರೂ ಕೇಳಿರಲಿಲ್ಲ.

"ಏ ಭೀಮಶಿ, ನೀ ಹೇಳೋ. ನೀ ಯಾರ ಹೆಸರಿಗೆ ಕಿವಿ ಹಿಡೀತಿ? ನಿಮ್ಮಪ್ಪನ ವಸ್ತಾದಗೋ, ನಿಮ್ಮ ಮಾವನ ವಸ್ತಾದಗೋ?"

ಅಣ್ಣನ ಬಾಯಿಯಲ್ಲಿ ರೊಟ್ಟಿ ತುಂಬಿತ್ತು. ಅಪ್ಪನನ್ನು ನೋಡಿದ, ಮಾವನನ್ನು ನೋಡಿದ. ಎರಡೂ ಕೈ ಎತ್ತಿ ಎರಡೂ ಕಿವಿ ಹಿಡಿದುಕೊಂಡ.

ಆಯಿ ನಕ್ಕ ನಗೆಗೆ ಬಾಯೊಳಗಿನ ಎಲೆಯಡಿಕೆ ಹೊರಗೆ ಬಂತು. ನಗಬಾರದಿತ್ತು. ಒಬ್ಬ ಶಿಷ್ಯ ಇಬ್ಬರು ವಸ್ತಾದರಿಗೆ ಕಿವಿ ಹಿಡಿದರೆ ಇಬ್ಬರಿಗೂ ಅವಮಾನ. ಅಪ್ಪ ತಟ್ಟೆ ನೂಕಿದ, ಪಲ್ಯ ಹಾಸುಗಲ್ಲಿನ ಮೇಲೆಲ್ಲ ಚೆಲ್ಲಿತು.

"ಏ ಸಿದ್ಲ್ಯಾ, ಅನ್ನದ ಮ್ಯಾಲ ಸಿಟ್ಟ ತಗೀಬ್ಯಾಡ," ಆಯಿಯ ನಗೆ ನಿಂತಿತ್ತು. "ಅಂವಗೇನ ತಿಳೀತೈತಿ? ನೀವಿಬ್ರೂ ಹಗ್ಗಾ ಜಗ್ಗಿದಂಗ ಜಗ್ಗಾಕತ್ತೀರಿ."

"ಹಂಗಾರ ಕಣದಾಗ ತೀರ್ಮಾನ ಆಗ್ಲಿ," ಎಂದ ಅಪ್ಪ. "ಗೋಕಾಕ ಕುಸ್ತಿ ಬಂದೈತಿ. ಕಡೀ ಜೋಡಿ ನಮ್ಮವನೂ ನಿಮ್ಮವನೂ. ಯಾಂವ ಗೆಲ್ತಾನ ಅವನ ವಸ್ತಾದ ದೊಡ್ಡಾಂವ. ಹುಡುಗ ಅವನ ಕಡಿ."

"ಕೈ ಕೊಡು," ಎಂದ ಮಾವ. ಕೈಗೆ ಕೈ ಬಡಿದರು. ಚೆಲ್ಲಿದ ಪಲ್ಯವನ್ನು ನಾನು ಬಳಿದೆ. ಹುಕ್ಕೇರಿಯ ಹುಡುಗ ಗೆಲ್ಲಬೇಕು. ಅವನ ಮುಖವನ್ನೂ ನಾನು ನೋಡಿರಲಿಲ್ಲ.

ಕುಸ್ತಿಯ ದಿನ ನಾವೆಲ್ಲ ಚಕ್ಕಡಿ ಕಟ್ಟಿಕೊಂಡು ಗೋಕಾಕಕ್ಕೆ ಹೋದೆವು. ಹೆಂಗಸರು ಕಣದ ಹತ್ತಿರ ಹೋಗುವಂತಿಲ್ಲ. ಅವ್ವ, ಆಯಿ ಸಂತೆ ಮುಗಿಸಿ ಮೈದಾನದ ಹೊರಗೆ ಎತ್ತು ಬಿಚ್ಚಿದ ಚಕ್ಕಡಿಯ ಮೇಲೆ ಕೂತರು. ಚಕ್ಕಡಿಯ ಅಂಚಿನ ಮೇಲೆ ನಿಂತರೆ ಜನರ ತಲೆಯ ಮೇಲಿಂದ ಕೆಂಪು ಮಣ್ಣು ಕಾಣುತ್ತಿತ್ತು. ನಾನು ನಿಂತೆ. ಸ್ವಲ್ಪ ಹೊತ್ತಿಗೆ ಅವ್ವನೂ ಸೆರಗು ತಲೆಗೆ ಎಳೆದುಕೊಂಡು ನನ್ನ ಪಕ್ಕ ನಿಂತಳು.

ಹೊತ್ತು ಇಳಿಯುವ ಹೊತ್ತಿಗೆ ಕೊನೆಯ ಜೋಡಿ ಬಂತು. ಹಲಗೆಯ ಬಡಿತ ಜೋರಾಯಿತು. ನಮ್ಮೂರ ವಸ್ತಾದರ ಶಿಷ್ಯ ಎತ್ತರದ ಆಳು, ನಡೆದರೆ ನೆಲ ತಗ್ಗುವಂತಿದ್ದ. ಹುಕ್ಕೇರಿಯವನು ಗಿಡ್ಡ, ಎದೆ ಮಾತ್ರ ಅಗಲ. ಅವನೇ ಮಾವ ಹೇಳುತ್ತಿದ್ದ ಹಿಡಕಲ್ ಹುಡುಗ. ಮೊದಲು ಅವನದೇ ಕೈ ಮೇಲಿತ್ತು. ಎತ್ತರದವನ ಕಾಲಿನ ಸಂದಿಯಲ್ಲಿ ನುಸುಳಿ ಎತ್ತಿ ಕೆಡವಿದಾಗ ನಾನು ಚಕ್ಕಡಿಯ ಮೇಲೆ ಜಿಗಿದೆ. ಆದರೆ ಬೆನ್ನು ಮಣ್ಣಿಗೆ ಹತ್ತಲಿಲ್ಲ. ಬೆನ್ನು ಹತ್ತದೆ ಸೋಲಿಲ್ಲ. ತಿರುಗಿ ಎದ್ದ ಎತ್ತರದವನು ಹುಡುಗನನ್ನು ಬೋರಲು ಕೆಡವಿ, ಬಲಗೈಯನ್ನು ಬೆನ್ನ ಹಿಂದೆ ಮಡಚಿ ಮೇಲಕ್ಕೆ ಒತ್ತತೊಡಗಿದ. ಹುಡುಗ ಒಪ್ಪಿಕೊಳ್ಳಲಿಲ್ಲ. ಬಾಯಿಯಲ್ಲಿ ಮಣ್ಣು ಕಚ್ಚಿ ಹಿಡಿದಿದ್ದ. ಕೈ ಎಲ್ಲಿಯವರೆಗೆ ಹೋಗಬೇಕೋ ಅದಕ್ಕಿಂತ ಮೇಲೆ ಹೋಯಿತು. ಜನ ಕೂಗುವುದನ್ನು ಬಿಟ್ಟರು. ಅವ್ವ ನನ್ನ ಭುಜ ಹಿಡಿದಳು, ಉಗುರು ನಾಟಿತು.

ಆಗ ಹುಕ್ಕೇರಿ ವಸ್ತಾದರು ಓಡಿದರು. ಬಿಳಿ ಧೋತರ, ತಲೆಗೆ ಸುತ್ತಿದ ಬಿಳಿ ಪಟಗಾ, ವಯಸ್ಸಾದ ಮನುಷ್ಯ. ಜನರನ್ನು ನೂಕಿಕೊಂಡು ಓಡಿ, ಕಣಕ್ಕೆ ಇಳಿದು, ಎತ್ತರದವನ ಬೆನ್ನು ತಟ್ಟಿ, ಬಿಡು, ನಾವು ಸೋತೆವು ಎಂದು ತಮ್ಮ ಕೈಯನ್ನೇ ಮೇಲೆತ್ತಿದರು. ಮೈದಾನದಲ್ಲಿ ಒಂದೂ ಸಪ್ಪಳ ಇರಲಿಲ್ಲ. ಸೋತದ್ದಕ್ಕಲ್ಲ. ಅವರ ಕಾಲಿನಲ್ಲಿ ಚಪ್ಪಲಿ ಇದ್ದವು.

ಕುಸ್ತಿಯ ಕಣ ಎಂದರೆ ದೇವರ ಜಗಲಿ ಇದ್ದಂತೆ. ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಕಲಸಿ, ಊದುಬತ್ತಿ ಬೆಳಗಿ, ನಮಸ್ಕಾರ ಮಾಡಿ ಒಳಗೆ ಹೋಗಬೇಕು. ತನ್ನ ಜೀವಮಾನವೆಲ್ಲ ಆ ಮಣ್ಣಿನಲ್ಲಿ ಕಳೆದ ವಸ್ತಾದ ಚಪ್ಪಲಿ ಕಾಲಿನಿಂದ ಅದನ್ನು ತುಳಿದಿದ್ದರು. ಅವರಿಗೂ ಆಗಲೇ ಗೊತ್ತಾಯಿತು. ಅಲ್ಲೇ ಬಗ್ಗಿ ಚಪ್ಪಲಿ ಕಳಚಿ, ಅವನ್ನು ಕಂಕುಳಲ್ಲಿ ಇಟ್ಟುಕೊಂಡು, ಹುಡುಗನನ್ನು ಎಬ್ಬಿಸಿಕೊಂಡು ತಲೆ ತಗ್ಗಿಸಿ ಹೊರಗೆ ಹೋದರು. ಯಾರೋ ಹುಯ್ಯೆಂದು ಕೂಗಿದರು. ಆಮೇಲೆ ಎಲ್ಲರೂ ಕೂಗಿದರು.

ನನ್ನ ಸಾಲೆ ಮುಗಿಯಿತು ಎಂದುಕೊಂಡು ನಾನು ಚಕ್ಕಡಿಯಿಂದ ಇಳಿದೆ.

ಅಂದು ಮನೆಗೆ ಬಂದ ಕೂಡಲೇ ಅಪ್ಪ ಲಿಂಗಪೂಜೆ ಗಡಿಬಿಡಿಯಲ್ಲಿ ಮುಗಿಸಿದ. ಮಾವ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಅಣ್ಣ ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಕಂಡ್ರಲ್ಲ," ಎಂದ ಅಪ್ಪ. "ಶಿಷ್ಯಾ ಇನ್ನೂ ಸೋತಿಲ್ಲ, ವಸ್ತಾದ ಸೋತ. ಚಪ್ಪಲಿ ಮೆಟಗೊಂಡು ಕಣಾ ತುಳದ. ಇವನ್ನ ದೊಡ್ಡಾಂವ ಅಂತೀರಿ! ನನ್ನ ಕೈ ಹಿಂಗ ತಿರುವಿದಾಗ ನಮ್ಮ ವಸ್ತಾದ ಅಲ್ಲೇ ನಿಂತಿದ್ದ. ಒಳಗ ಬಂದನ? ಒಂದ ಹೆಜ್ಜಿ ಇಡ್ಲಿಲ್ಲ. ತಡಕೋ ಮಗನ ಅಂದ. ತಡಕೊಂಡೆ. ಭುಜಾ ಕಳಚಿತು, ಬೆನ್ನ ಮಣ್ಣ ಮುಟ್ಲಿಲ್ಲ. ಅದಕ್ಕ ಅಂತಾರ ವಸ್ತಾದ ಅಂತ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದಳು. ಗಂಡಸರು ಉಣ್ಣುವಾಗ ಅವ್ವ ಅಲ್ಲಿಗೆ ಬಂದು ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನಿಮ್ಮ ಪಟಗಾ ದಿನಾ ಮುಂಜಾನೆ ಯಾರ ಸುತ್ತತಾರ್ರಿ?" ಎಂದಳು.

ಅಪ್ಪ ತುತ್ತು ಹಿಡಿದುಕೊಂಡೇ ಕೂತ. ಅವನ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಬೆಳಿಗ್ಗೆ ಬಾಗಿಲು ಮುಂದೆ ಮಾಡಿ ಅವ್ವ ಅವನಿಗೆ ಪಟಗಾ ಸುತ್ತುವಳು. ನಾವೆಲ್ಲ ನೋಡಿದ್ದೆವು, ಯಾರೂ ಮಾತಾಡುತ್ತಿರಲಿಲ್ಲ.

"ಮದವಿ ಆದಾಗಿಂದ ಸುತ್ತಾಕತ್ತೇನಿ. ಬ್ಯಾಸರಿಲ್ಲ. ಆದ್ರ ನಾ ಸತ್ತಮ್ಯಾಗ ನನ್ನ ಮಗಗ ಯಾರ ಸುತ್ತಬೇಕು? ಆ ಮುದುಕಗ ಚಪ್ಪಲಿ ಬಿಡಾಕ ಎಚ್ಚರ ಉಳೀಲಿಲ್ಲ. ಹಂಗ ಓಡಿದ. ಭೀಮಶಿ ಅವರ ಕಡಿ ಹೋಗ್ಲಿ."

"ಗೆದ್ದಾಂವ ನಮ್ಮಾಂವ," ಅಪ್ಪನ ದನಿ ಇಳಿದಿತ್ತು. "ಮಾತಾಗೇತಿ. ಕೈ ಬಡದೇವಿ. ದೊಡ್ಡ ವಸ್ತಾದ ಯಾರ ಅನ್ನೂದು..."

"ದೊಡ್ಡಾಂವ ಯಾರ ಅಂತ ನೀವಿಬ್ರೂ ಕುಂತ ಮಾತಾಡ್ಕೋರಿ. ಸಾಯೂ ತನಕಾ ಮಾತಾಡ್ರಿ. ಹುಡುಗ ಹುಕ್ಕೇರಿಗೆ ಹೋಗ್ತಾನ."

ಮಾವ ಗೋಡೆಯಿಂದ ಮುಖ ತಿರುಗಿಸಿ, "ತಂಗೀ, ನಾ ಅಂದದ್ದೂ ಅದ..." ಎಂದು ಶುರುಮಾಡಿದ.

"ಅಣ್ಣಾ, ನೀ ಸುಮ್ನಿರು. ನೀ ಅಂದದ್ದಕ್ಕ ಕಳಸಾಕತ್ತಿಲ್ಲ."

ಅವ್ವ ಒಳಗೆ ಹೋದಳು. ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು. ಅಪ್ಪ ಹಿಡಿದ ತುತ್ತು ಬಾಯಿಗಿಟ್ಟ. ಕೆಲವು ದಿನ ಒಂದೇ ಕೈಯಲ್ಲಿ ಪಟಗಾ ಸುತ್ತಿಕೊಳ್ಳಲು ನೋಡಿದ. ಸೊಟ್ಟಗಾಗಿ ಬಿಚ್ಚಿಹೋಗುತ್ತಿತ್ತು. ಆಮೇಲೆ ಮೊದಲಿನ ಹಾಗೆಯೇ ಅವ್ವನ ಮುಂದೆ ಕೂತ. ಅವಳು ಸುತ್ತಿದಳು.

ನಾನು ಗೆದ್ದೆ ಎಂದುಕೊಂಡಿದ್ದೆ. ಅಣ್ಣನ ಗಂಟು ಕಟ್ಟುವಾಗ ನನ್ನಷ್ಟು ಹುರುಪಿನಿಂದ ಓಡಾಡಿದವರು ಯಾರೂ ಇಲ್ಲ. ಅವನ ಎರಡು ಲಂಗೋಟ ಒಗೆದು ಒಣಗಿಸಿದೆ, ಬದಾಮಿ ಅರಿವೆಯಲ್ಲಿ ಕಟ್ಟಿದೆ. ಹೊರಡುವ ಬೆಳಿಗ್ಗೆ ಅವನು ಎಮ್ಮೆಗಳ ಹಣೆ ಸವರಿ ಅತ್ತ. ನಮ್ಮ ಯಾರ ಮುಂದೆಯೂ ಅಳಲಿಲ್ಲ. ಮಾವ ಅವನನ್ನು ಬಸ್ಸಿಗೆ ಹತ್ತಿಸಿ ನಮ್ಮ ಮನೆಗೆ ತಿರುಗಿ ಬಂದ. ನಾನು ತಲೆ ಬಾಚಿಕೊಂಡು, ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಪಡಸಾಲೆ ಇಳಿದೆ. ತಗ್ಗಿನಲ್ಲಿ ಅಪ್ಪ ನಿಂತಿದ್ದ. ಎಮ್ಮೆಗಳ ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟ.

"ಹೊಳಿಗೆ ಹೊಡಕೊಂಡ ಹೋಗು. ಇನ್ನ ಮ್ಯಾಲ ಇದು ನಿಂದು."

ಇಷ್ಟು ದಿನ ಹಾಲಿನ ಲೆಕ್ಕ ಹಾಕಿದವಳು ಎಮ್ಮೆಯ ಲೆಕ್ಕ ಹಾಕಿರಲಿಲ್ಲ. ಹಗ್ಗ ಒದ್ದೆಯಿತ್ತು, ಸಗಣಿ ಹತ್ತಿತ್ತು. ಅವ್ವನ ಕಡೆ ನೋಡಿದೆ. ಅವ್ವ ಒಲೆ ಊದುತ್ತಿದ್ದಳು. ಮಗನಿಗಾಗಿ ಬಾಗಿಲಿಗೆ ಬಂದವಳು ನನಗಾಗಿಯೂ ಬರುತ್ತಾಳೆ ಎಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಅವಳ ಮೇಲೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಅವಳಿಗೆ ಒಂದು ಸಲ ಬಾಗಿಲಿಗೆ ಬರುವಷ್ಟು ಬಲವಿತ್ತು, ಅದನ್ನು ಖರ್ಚು ಮಾಡಿಯಾಗಿತ್ತು. ಹಾಗಾಗಿ ನಾನೇ ಮಾತಾಡಿದೆ.

"ಹಾಲ ಕುಡ್ಯಾಂವ ಹೋದ. ಎರಡ ಎಮ್ಮಿ ಯಾಕ ಬೇಕಪ್ಪಾ? ಒಂದ ಮಾರು. ಉಳದದ್ದ ಒಂದನ್ನ ನೀನ ಹೊಲಕ್ಕ ಹೋಗೂವಾಗ ಹೊಡಕೊಂಡ ಹೋಗು. ನಾ ಸಾಲಿಗೆ ಹೋಗ್ತೇನಿ."

ಅಪ್ಪ ನನ್ನನ್ನು ನೋಡಿದ. ಆಮೇಲೆ ಮಾವನನ್ನು ನೋಡಿದ. ನಾನೂ ಮಾವನನ್ನೇ ನೋಡಿದೆ. ಇಷ್ಟು ದಿನ ಅವನ ಪ್ರತಿ ಮಾತಿಗೂ ನಾನು ಮನಸ್ಸಿನಲ್ಲಿ ತಲೆಯಾಡಿಸಿದ್ದೆ. ಅವನು ಅಪ್ಪನ ಯಾವ ಮಾತನ್ನೂ ಒಪ್ಪಿದವನಲ್ಲ.

"ಹೆಣ್ಣಹುಡುಗಿ ನಾಲಿಗಿ ಉದ್ದ ಆಗೇತಲ್ಲೋ ಸಿದ್ಲಿಂಗಪ್ಪಾ," ಎಂದ ಮಾವ.

"ಆಗೇತಿ," ಎಂದ ಅಪ್ಪ.

"ಸಾಲಿ ಸಾಕು."

"ಸಾಕ. ನಾನೂ ಅದನ್ನ ಅಂತೇನಿ."

ಅವರಿಬ್ಬರು ಒಂದು ಮಾತಿಗೆ ಒಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇಬ್ಬರೂ ಪಡಸಾಲೆ ಹತ್ತಿ ಕೂತು ಚಹಾ ಕೇಳಿದರು. ನಾನು ಎಮ್ಮೆಗಳನ್ನು ಹೊಳೆಗೆ ಹೊಡೆದುಕೊಂಡು ಹೋದೆ. ಪಾಟಿಚೀಲ ಹೆಗಲಿನಲ್ಲೇ ಇತ್ತು, ಇಳಿಸು ಎನ್ನಲು ಅವರಿಗೆ ಹೊಳೆಯಲಿಲ್ಲ. ಚೀಲವನ್ನು ದಂಡೆಯ ಜಾಲಿಗಿಡಕ್ಕೆ ಸಿಗಿಸಿ, ಉಟ್ಟ ಸೀರೆತುಂಡನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿ, ಎಮ್ಮೆ ತೊಳೆದೆ. ಮನೆಗೆ ತಂದು ಕಟ್ಟಿ ಹುಲ್ಲು ಹಾಕಿದೆ. ಆಮೇಲೆ ಯಾರನ್ನೂ ಕೇಳದೆ ಹೊರಟೆ. ಆಯಿ ಕಟ್ಟೆಯ ಮೇಲಿದ್ದಳು, ನೋಡಿದಳು, ಅಡಿಕೆ ಕುಟ್ಟಿದಳು.

ಸಾಲೆಯ ಗಂಟೆ ಬಾರಿಸಿ ಎಷ್ಟೋ ಹೊತ್ತಾಗಿತ್ತು. ತಡವಾಗಿ ಬಂದವರನ್ನು ಮಾಸ್ತರರು ಒಳಗೆ ಬಿಡುತ್ತಿರಲಿಲ್ಲ. ಕಿಡಕಿಯ ಹೊರಗೆ ನಿಲ್ಲು ಎಂದರು. ಬಟ್ಟೆ ಒದ್ದೆಯಿತ್ತು, ಎಮ್ಮೆಯ ವಾಸನೆಗೆ ಒಳಗಿನ ಹುಡುಗಿಯರು ಮೂಗು ಮುಚ್ಚಿಕೊಂಡರು. ಕಿಡಕಿಯಿಂದ ಕರಿಹಲಗೆ ಪೂರಾ ಕಾಣುತ್ತಿತ್ತು. ಪಾಟಿಯನ್ನು ಗೋಡೆಗೆ ಒತ್ತಿ ಹಿಡಿದು, ಹಲಗೆಯ ಮೇಲಿದ್ದದ್ದನ್ನು ಬರೆದುಕೊಂಡೆ. ಮರುದಿನ ಎಮ್ಮೆ ತೊಳೆದು ಮತ್ತೆ ತಡವಾಗಿ ಹೋದೆ. ಮಾಸ್ತರರು ಹೇಳುವ ಮುಂಚೆಯೇ ಕಿಡಕಿಯ ಹೊರಗೆ ಹೋಗಿ ನಿಂತೆ.